ಕಿಟಕಿಗೆ ಅಂಟಿಸಿದ ಬೆಲೆ

ಲಿಯೋಟಾ ಸ್ಪ್ಯಾಂಗ್ಲರ್ ಸ್ವಾರ್ಥಿ ಹೆಂಗಸು. ಇದನ್ನು ಅವಳ ಮುಖದ ಮೇಲೇ ಹೇಳಿದ್ದೇನೆ. ಅವಳೂ ಅಲ್ಲಗಳೆಯಲಿಲ್ಲ. ದುಡ್ಡಿನ ವಿಷಯ ಹಾಗಿರಲಿ, ತನಗೆ ಗೊತ್ತಿದ್ದ ಒಂದು ಮಾತನ್ನೂ ಆಕೆ ಇನ್ನೊಬ್ಬರಿಗೆ ಕೊಟ್ಟವಳಲ್ಲ. ವೆಲ್ಲರ್ಸ್‌ಬರ್ಗ್ ಅಂಚೆ ಕಚೇರಿಯಲ್ಲಿ ಬೆಳಿಗ್ಗೆ ಟಪಾಲು ವಿಂಗಡಿಸುವಾಗ ಊರಿಗೆ ಬಂದ ಪ್ರತಿಯೊಂದು ಪತ್ರಿಕೆಯನ್ನೂ ಪೋಸ್ಟ್ ಕಾರ್ಡನ್ನೂ ಓದಿಬಿಡುತ್ತಿದ್ದಳು. ಜೋಳದ ಧಾರಣೆ ಯಾವಾಗ ಬೀಳುತ್ತದೆ, ಯಾವ ಬೀಜದ ಕಂಪನಿ ಮುಚ್ಚುತ್ತದೆ ಎಂಬುದು ಅವಳಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತಿತ್ತು. ರಸ್ತೆ ಬದಿಯ ತಮ್ಮ ಟಪಾಲು ಡಬ್ಬಿಯ ಹತ್ತಿರ ಕಾದು ನಿಂತ ರೈತರು, "ಏನಾದ್ರೂ ಸಮಾಚಾರ ಇದೆಯಾ, ಲಿಯೋಟಾ?" ಎಂದರೆ, "ಕಾಗದ ಹಾಕಿದ್ದೀನಲ್ಲ, ಓದ್ಕೊಳ್ಳಿ" ಎಂದು ಮುಂದಕ್ಕೆ ಹೊರಟುಬಿಡುತ್ತಿದ್ದಳು.

ಆ ಅಂಚೆ ಮಾರ್ಗ ಮೊದಲು ಅವಳ ಗಂಡ ಮರ್ಲ್‌ನದು. ನಲವತ್ತಾರು ಮೈಲಿ, ಇನ್ನೂರ ಹನ್ನೆರಡು ಡಬ್ಬಿ. ಓಹಾಯೋದ ನಮ್ಮ ಭಾಗದಲ್ಲಿ ಹಳ್ಳಿಯ ಟಪಾಲು ಹಂಚುವವರು ತಮ್ಮ ಸ್ವಂತ ಕಾರನ್ನೇ ಓಡಿಸಬೇಕು. ಮರ್ಲ್ ಸಾವಿರದ ಒಂಬೈನೂರ ಐವತ್ತಾರರಲ್ಲಿ ಎದೆನೋವಿನಿಂದ ತೀರಿಕೊಂಡಾಗ ಕೆಲಸವನ್ನು ಲಿಯೋಟಾಗೆ ತಾತ್ಕಾಲಿಕವಾಗಿ ಕೊಟ್ಟರು. ಕೆಲಸದ ಜೊತೆಗೆ ಮರ್ಲ್‌ನ ಹಸಿರು ಕಾರೂ ಅವಳ ಪಾಲಿಗೆ ಬಂತು. ಐವತ್ತೆಂಟರ ಅಕ್ಟೋಬರಿನಲ್ಲಿ ಅದು ಒಂದೇ ವಾರದಲ್ಲಿ ಮೂರು ಸಲ ನಡುದಾರಿಯಲ್ಲಿ ನಿಂತಿತು. ಪೋಸ್ಟ್ ಮಾಸ್ಟರ್ ಓರಿನ್ ಹಚ್ ಶುಕ್ರವಾರ ಅವಳನ್ನು ಕರೆದು, "ಸೋಮವಾರ ಬೆಳಿಗ್ಗೆ ಏಳಕ್ಕೆ ಇಲ್ಲಿ ನಂಬೋ ಹಾಗಿರೋ ಗಾಡಿ ನಿಂತಿರಬೇಕು, ಮಿಸೆಸ್ ಸ್ಪ್ಯಾಂಗ್ಲರ್. ಇಲ್ದಿದ್ರೆ ಮಾರ್ಗ ನನ್ನ ಭಾಮೈದನಿಗೆ ಹೋಗುತ್ತೆ. ಅವನ ಹತ್ರ ಹೊಸ ಗಾಡಿ ಇದೆ" ಎಂದ.

ಅವಳ ಕೈಯಲ್ಲಿದ್ದದ್ದು ಸಾವಿರದ ಎಂಟುನೂರ ಐವತ್ತು ಡಾಲರ್. ಸಾಲ ಮಾಡುವ ಹೆಂಗಸಲ್ಲ. ಮಾಡಹೊರಟಿದ್ದರೂ ಗಂಡನಿಲ್ಲದವಳಿಗೆ ನಮ್ಮ ಬ್ಯಾಂಕು ಕೊಡುತ್ತಿರಲಿಲ್ಲ.

ನಾನು ಆಗ ಕೌಂಟಿ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಟೀಚರಮ್ಮ. ನನ್ನ ಮನೆ ಅವಳ ಮನೆಯ ಪಕ್ಕದ್ದು. ಶನಿವಾರ ಬೆಳಿಗ್ಗೆ ಬಾಗಿಲು ತಟ್ಟಿ, "ಕ್ರೈಡರ್ ಕಾರಂಗಡಿಗೆ ಹೋಗ್ತಿದ್ದೀನಿ. ನೀನೂ ಬಾ. ಸಾಕ್ಷಿ ಬೇಕು. ಮಾತಾಡ್ಬೇಡ, ಸುಮ್ನೆ ಕೂತಿರು" ಎಂದಳು.

"ನಾನ್ಯಾಕೆ ಬರ್ಬೇಕು?"

"ಮರ್ಲ್ ಒಬ್ಬನೇ ಹೋಗಿದ್ದ."

ಆ ಕಥೆ ನನಗೆ ಗೊತ್ತಿತ್ತು. ಏಳು ವರ್ಷದ ಹಿಂದೆ ಮರ್ಲ್ ಬೆಳಿಗ್ಗೆ ಹತ್ತಕ್ಕೆ ಅದೇ ಅಂಗಡಿಗೆ ಹೋಗಿದ್ದ. ಹಳೆಯ ಗಾಡಿಗೆ ಬೆಲೆ ಕಟ್ಟುತ್ತೇವೆಂದು ಅವನಿಂದ ಕೀಲಿ ಇಸಿದುಕೊಂಡವರು ಅದನ್ನು ವಾಪಸು ಕೊಡಲಿಲ್ಲ. ಮೆಕ್ಯಾನಿಕ್ ಊಟಕ್ಕೆ ಹೋಗಿದ್ದಾನೆ, ಕೀಲಿ ಅವನ ಜೇಬಿನಲ್ಲಿದೆ, ಈಗ ಬರುತ್ತಾನೆ ಎಂದು ಹೇಳುತ್ತಲೇ ಇದ್ದರು. ನಾಲ್ಕು ಗಂಟೆಯ ಹೊತ್ತಿಗೆ ಮರ್ಲ್ ಸುಸ್ತಾಗಿ ಸಹಿ ಹಾಕಿದ. ಮನೆಗೆ ಬಂದವನು ಗೆದ್ದವನ ಹಾಗೆ, "ಹಳೇ ಗಾಡಿಗೆ ಏಳ್ನೂರು ಹಾಕ್ಕೊಂಡ್ರು!" ಎಂದ. ಅದು ನಾನೂರು ಬಾಳುತ್ತಿರಲಿಲ್ಲ. "ಹೊಸದಕ್ಕೆ ಎಷ್ಟಾಯ್ತು?" ಎಂದು ಲಿಯೋಟಾ ಕೇಳಿದರೆ ಅವನಿಗೆ ಗೊತ್ತಿರಲಿಲ್ಲ.

ಅವನೊಬ್ಬನನ್ನೇ ಬೈದು ಫಲವಿಲ್ಲ. ನಮ್ಮೂರ ಗಂಡಸರೆಲ್ಲ ಹಾಗೇ. ದನದ ದಾಣಿ ಬೀಸುವ ಗಿರಣಿಯ ಮುಂದೆ ನಿಂತು ಹಳೆಯ ಗಾಡಿಗೆ ತಾನು ಎಷ್ಟು ಗಿಟ್ಟಿಸಿದೆ ಎಂದು ಕೊಚ್ಚಿಕೊಳ್ಳುವರು. ಹೊಸದಕ್ಕೆ ಎಷ್ಟು ತೆತ್ತೆ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಮಾರುವವರು ಹೊಸ ಗಾಡಿಗೆ ಮೊದಲೇ ಮುನ್ನೂರು ಏರಿಸಿಟ್ಟು, ಅದೇ ಮುನ್ನೂರನ್ನು ಹಳೆಯದರ ಬೆಲೆಯೆಂದು ವಾಪಸು ಕೊಡುತ್ತಿದ್ದರು. ಹೊಸ ಗಾಡಿಯ ನಿಜವಾದ ಬೆಲೆ ಯಾರಿಗೂ ಕಾಣದಿದ್ದರಿಂದ ಆಟ ಸಾಗುತ್ತಿತ್ತು.

ಕ್ರೈಡರ್ ಅಂಗಡಿಯಲ್ಲಿ ವೆಂಡೆಲ್ ಪ್ರೌಟ್ ಎಂಬ ಮಾರಾಟಗಾರ ಎದುರುಗೊಂಡ. ಕೂದಲಿಗೆ ಎಣ್ಣೆ, ಬಾಯಿ ತುಂಬ ಹಲ್ಲು.

"ಬನ್ನಿ ಬನ್ನಿ! ಯಜಮಾನ್ರು ಬರ್ಲಿಲ್ವಾ?"

"ಸ್ಮಶಾನದಲ್ಲಿದ್ದಾರೆ. ಆ ಬಿಳಿ ಗಾಡಿ ಎಷ್ಟು?"

ನಾಲ್ಕು ಬಾಗಿಲಿನ, ಆರು ಸಿಲಿಂಡರಿನ, ಮುಂದಿನ ವರ್ಷದ ಮಾದರಿಯ ಹೊಸ ಗಾಡಿ. ಎರಡು ಸಾವಿರದ ಏಳುನೂರ ತೊಂಬತ್ತು ಎಂದ. "ಆದ್ರೆ ನಿಮ್ಮ ಹಳೇದಕ್ಕೆ ಏಳ್ನೂರು ಕೊಡ್ತೀನಿ. ಬೇರೆ ಯಾರಿಗೂ ಹೇಳ್ಬೇಡಿ, ಊರವರೆಲ್ಲ ಸಾಲು ನಿಲ್ತಾರೆ."

ಲಿಯೋಟಾ ಗಾಡಿಯ ಸುತ್ತ ಒಂದು ಸಲ ನಡೆದಳು. ಬಲಗಡೆಯ ಹಿಂದಿನ ಕಿಟಕಿಯ ಗಾಜಿನ ಮೇಲೆ ಅಂಟಿನ ನಾಲ್ಕು ಕಲೆಗಳಿದ್ದವು. ಅವನ್ನು ಬೆರಳಿನಿಂದ ಉಜ್ಜಿದಳು. ಹಳೆಯ ಗಾಡಿಗೆ ಬೆಲೆ ಕಟ್ಟಲು ಕೀಲಿ ಬೇಕೆಂದಾಗ ಕೈಚೀಲದಿಂದ ಒಂದು ಕೀಲಿ ತೆಗೆದುಕೊಟ್ಟಳು. ಪ್ರೌಟ್ ಅದನ್ನು ನೋಡದೆಯೇ ಜೇಬಿಗೆ ಹಾಕಿಕೊಂಡು ನಮ್ಮನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದ.

"ಕಾಫಿ ತರ್ತೀನಿ. ಅಲ್ಲೀವರೆಗೂ ನೀವಿಬ್ರೂ ಮನಸ್ಸು ಬಿಚ್ಚಿ ಮಾತಾಡ್ಕೊಳ್ಳಿ" ಎಂದು ಬಾಗಿಲೆಳೆದುಕೊಂಡು ಹೋದ.

ನಿನ್ನ ಹತ್ತಿರ ಅಷ್ಟು ದುಡ್ಡಿಲ್ಲವಲ್ಲ ಎಂದು ಹೇಳಲು ಬಾಯಿ ತೆರೆದೆ. ಲಿಯೋಟಾ ನನ್ನ ಮಣಿಕಟ್ಟನ್ನು ಹಿಡಿದು, ಮೇಜಿನ ಮೇಲಿದ್ದ ಮಾತಿನ ಪೆಟ್ಟಿಗೆಯನ್ನು ಗಲ್ಲದಿಂದ ತೋರಿಸಿದಳು. ಮಾಲೀಕನ ಕೋಣೆಗೆ ಮಾತು ಮುಟ್ಟಿಸುವ ಪೆಟ್ಟಿಗೆ ಅದು. ಅದರ ಗುಂಡಿ ಒತ್ತಿಯೇ ಇತ್ತು. ಆಮೇಲೆ ಚರ್ಚಿನ ಹಿಂದಿನ ಸಾಲಿಗೂ ಕೇಳುವಂಥ ದನಿಯಲ್ಲಿ, "ಲೈಮಾ ಊರಿನ ಅಂಗಡಿಯವರು ಇದೇ ಗಾಡಿಗೆ ಎರಡು ಸಾವಿರದ ನೂರೈವತ್ತು ಅಂದಿದ್ದಾರೆ. ಹನ್ನೆರಡರೊಳಗೆ ಹೊರಟ್ರೆ ಸಾಕು. ಈ ಕಾಫಿ ಕುಡಿದು ಎದ್ಬಿಡೋಣ" ಎಂದಳು.

ಅವಳು ಲೈಮಾಗೆ ಹೋಗಿ ಎರಡು ವರ್ಷವಾಗಿತ್ತು.

ಪ್ರೌಟ್ ಕಾಫಿ ಇಲ್ಲದೆ ಬಂದ. "ನೋಡಿ ಮಿಸೆಸ್ ಸ್ಪ್ಯಾಂಗ್ಲರ್, ಆ ಗಾಡೀಲಿ ಲೈಮಾವರೆಗೂ ಹೋಗೋಕಾಗುತ್ತಾ? ದಾರೀಲಿ ನಿಂತೋದ್ರೆ?"

"ಲೈಮಾ ಅಂತ ನಿಮಗ್ಯಾರು ಹೇಳಿದ್ರು?"

ಅವನ ಕಿವಿ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಮಾತು ಬದಲಿಸಿ, "ಇನ್ನೊಂದು ಬೇಜಾರಿನ ವಿಷ್ಯ. ನಮ್ಮ ಮೆಕ್ಯಾನಿಕ್ ನಿಮ್ಮ ಗಾಡೀನ ಒಂದು ಸುತ್ತು ಓಡಿಸಿ ನೋಡ್ದ. ಕ್ಲಚ್ ಪೂರಾ ಹೋಗಿದೆಯಂತೆ. ಏಳ್ನೂರು ಆಗಲ್ಲ, ನಾನೂರೈವತ್ತು" ಎಂದ.

"ಓಡಿಸಿ ನೋಡಿದ್ನಾ?"

"ಈಗಷ್ಟೇ. ಗಿರಣಿ ರಸ್ತೇವರೆಗೂ."

"ಯಾವ ಕೀಲಿ ಹಾಕಿ?"

"ನೀವು ಕೊಟ್ಟಿದ್ದೇ ಹಾಕಿ."

"ಅದು ನಮ್ಮ ಕೋಳಿಗೂಡಿನ ಬೀಗದ್ದು" ಎಂದಳು ಲಿಯೋಟಾ. ಕೈಚೀಲದಿಂದ ಕಾರಿನ ಕೀಲಿ ತೆಗೆದು ಮೇಜಿನ ಮೇಲಿಟ್ಟಳು. "ಕೂರಿಸ್ಕೊಂಡು ಸಹಿ ಹಾಕಿಸೋಕೆ ಕೀಲಿ ಇಸ್ಕೊಳ್ಳೋದು ಅಂತ ಗೊತ್ತಿತ್ತು. ನೀವು ಗಾಡೀನ ಒಂದು ಸಲಾನೂ ನೋಡಲ್ಲ ಅಂತ ಮಾತ್ರ ಗೊತ್ತಿರ್ಲಿಲ್ಲ."

ಮಾತಾಡಬೇಡ ಎಂದಿದ್ದಳು, ನಗಬೇಡ ಎಂದಿರಲಿಲ್ಲ. ನಾನು ನಕ್ಕೆ. ಪಾಠ ಹೇಳುವ ದನಿಯವರ ನಗು ಸಣ್ಣದಾಗಿರುವುದಿಲ್ಲ. ಪೆಟ್ಟಿಗೆಯಲ್ಲಿ ಕೇಳಿಸಿಕೊಂಡ ಮಾಲೀಕ ಕ್ರೈಡರ್ ತಾನೇ ಎದ್ದು ಬಂದ. ದೊಡ್ಡ ಹೊಟ್ಟೆಯ ಮನುಷ್ಯ, ಹೊಟ್ಟೆಯ ಮುಂದೆ ಚಿನ್ನದ ಸರಪಳಿ.

"ಏನಮ್ಮಾ ಗಲಾಟೆ? ನಮ್ಮ ಹುಡುಗನಿಗೆ ಅವಮಾನ ಮಾಡೋದು ಸರೀನಾ? ಮರ್ಲ್ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ. ಒಳ್ಳೇ ಗಿರಾಕಿ."

"ಹೌದು, ನಿಮಗೆ ಒಳ್ಳೇವನೇ" ಎಂದಳು. "ಆ ಬಿಳಿ ಗಾಡೀ ಬೆಲೆಚೀಟಿ ಎಲ್ಲಿ?"

"ಗಾಜು ತೊಳೆಯುವಾಗ ಬಿದ್ದೋಯ್ತು."

"ಇಲ್ಲಿ ನಿಂತಿರೋ ಒಂಬತ್ತು ಗಾಡೀದೂ ಬಿದ್ದೋಯ್ತಾ? ಈಗ ಹೊಸ ಕಾನೂನು ಬಂದಿದೆ. ಈ ಹೊಸ ಮಾದರಿಯ ಗಾಡಿಯಿಂದ ಹಿಡಿದು ಕಂಪನಿಯವರೇ ಬೆಲೆ ಬರೆದು ಕಿಟಕಿಗೆ ಅಂಟಿಸಿ ಕಳಿಸ್ಬೇಕು. ಕೊಂಡವನ ಕೈಗೆ ಗಾಡಿ ಸೇರೋವರೆಗೂ ಅದನ್ನ ಯಾರೂ ಕೀಳೋ ಹಾಗಿಲ್ಲ. ಕಿತ್ರೆ ಸಾವಿರ ಡಾಲರ್ ದಂಡ, ಇಲ್ಲ ಒಂದು ವರ್ಷ ಜೈಲು. ಒಂಬತ್ತು ಗಾಡಿಗೆ ಎಷ್ಟಾಗುತ್ತೆ ಅಂತ ಟೀಚರ್ ಲೆಕ್ಕ ಹಾಕಿ ಹೇಳ್ತಾರೆ."

"ಒಂಬತ್ತು ಸಾವಿರ" ಎಂದೆ. ಆ ಕೋಣೆಯಲ್ಲಿ ನಾನಾಡಿದ್ದು ಅದೊಂದೇ ಮಾತು.

ಕ್ರೈಡರ್ ಪ್ರೌಟ್‌ನ ಮುಖ ನೋಡಿದ. ಪ್ರೌಟ್ ಹೋಗಿ ಯಾವುದೋ ಮೇಜಿನ ಖಾನೆಯಿಂದ ಕಿತ್ತ ಬೆಲೆಚೀಟಿಗಳ ಕಂತೆ ತಂದ. ಬಿಳಿ ಗಾಡಿಯದು ಸಿಕ್ಕಿತು. ಗಾಡಿ, ಬಿಸಿಗಾಳಿಯ ಯಂತ್ರ, ಸಾಗಣೆ ಎಲ್ಲ ಸೇರಿ ಎರಡು ಸಾವಿರದ ನಾನೂರ ಹದಿನೇಳು.

"ಇದರಲ್ಲೂ ನಿಮ್ಮ ಲಾಭ ಇದೆ" ಎಂದಳು ಲಿಯೋಟಾ. "ಅರ್ಧ ಇಟ್ಕೊಳ್ಳಿ. ಎರಡು ಸಾವಿರದ ನೂರೈವತ್ತು. ನನ್ನ ಹಳೇದಕ್ಕೆ ಮುನ್ನೂರು, ಅದು ಅಷ್ಟೇ ಬಾಳೋದು. ಸಾವಿರದ ಎಂಟುನೂರೈವತ್ತು, ಈಗಲೇ, ನೋಟಿನಲ್ಲಿ."

"ಅಷ್ಟಕ್ಕೆ ಕೊಟ್ರೆ ನಾನು ಅಂಗಡಿ ಮುಚ್ಬೇಕಾಗುತ್ತೆ."

"ಹಾಗಾದ್ರೆ ಮುಚ್ಚಿ" ಎಂದು ಎದ್ದು ನಿಂತಳು. ಮೇಜಿನ ಮೇಲಿದ್ದ ಕಾರಿನ ಕೀಲಿ ಎತ್ತಿಕೊಂಡು ಬಾಗಿಲ ಕಡೆ ನಡೆದಳು. ಆ ಹಳೆಯ ಗಾಡಿಯಲ್ಲಿ ತಲುಪಬಹುದಾದ ಇನ್ನೊಂದು ಅಂಗಡಿ ಇರಲಿಲ್ಲ, ಮರುದಿನ ಭಾನುವಾರವಾದ್ದರಿಂದ ಇನ್ನೊಂದು ದಿನವೂ ಇರಲಿಲ್ಲ. ಬಾಗಿಲು ಮುಟ್ಟುವ ಮೊದಲು ಕ್ರೈಡರ್, "ಕೂತ್ಕೊಳ್ಳಿ" ಎಂದ.

ಅವಳು ಕೂರಲಿಲ್ಲ. ಚೀಟಿಯನ್ನು ಕಿಟಕಿಗೆ ಮತ್ತೆ ಅಂಟಿಸುವವರೆಗೂ ಪೆನ್ನು ಮುಟ್ಟುವುದಿಲ್ಲ ಎಂದಳು. ಚಿನ್ನದ ಸರಪಳಿಯ ಕ್ರೈಡರ್ ತಾನೇ ಬಗ್ಗಿ, ಅಂಟಿನ ಬಾಟಲಿ ಹಿಡಿದು ಅಂಟಿಸಿದ. ಒಂದು ಮೂಲೆ ಸೊಟ್ಟಗಾಯಿತೆಂದು ಲಿಯೋಟಾ ಅವನಿಂದ ತೆಗೆಸಿ ಮತ್ತೆ ಹಚ್ಚಿಸಿದಳು. ಆಮೇಲೆ ಸಹಿ ಹಾಕಿ, ಕೋಳಿಗೂಡಿನ ಕೀಲಿ ವಾಪಸು ಕೇಳಿ ತೆಗೆದುಕೊಂಡಳು.

ನಾವು ಹೊರಡುವಾಗ ಪಕ್ಕದ ಕೋಣೆಯಲ್ಲಿ ಒಬ್ಬ ಮುದುಕ ರೈತ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. "ನನ್ನ ಟ್ರಕ್ ಕೀಲಿ ಸಿಕ್ತೇನ್ರಪ್ಪಾ?" ಎಂದು ಕೇಳುತ್ತಿದ್ದ. ನಾನು ಲಿಯೋಟಾಳ ತೋಳು ಹಿಡಿದು, "ಅವನಿಗೆ ಹೇಳು" ಎಂದೆ.

"ಅವನು ನನ್ನ ಕೇಳ್ಲಿಲ್ಲ."

ನಾನೇ ಒಳಗೆ ಹೋಗಿ ಎದ್ದು ಹೊರಡಿ ಎಂದೆ. ಟೀಚರಮ್ಮನಿಗೆ ಗಾಡಿಯ ವ್ಯವಹಾರ ಏನು ಗೊತ್ತು ಎಂದು ಆತ ಕದಲಲಿಲ್ಲ. ಲಿಯೋಟಾ ಹೇಳಿದ್ದರೆ ಎದ್ದೇಳುತ್ತಿದ್ದ. ಹೊಸ ಗಾಡಿಯಲ್ಲಿ ಮನೆಗೆ ಬರುವಾಗ, ನೀನು ಸ್ವಾರ್ಥಿ ಎಂದೆ. "ಇರಬಹುದು" ಎಂದು ಗೇರು ಬದಲಿಸಿದಳು.

ಸೋಮವಾರ ಏಳಕ್ಕೆ ಹತ್ತು ನಿಮಿಷವಿರುವಾಗ ಬಿಳಿ ಗಾಡಿ ಅಂಚೆ ಕಚೇರಿಯ ಮುಂದೆ ನಿಂತಿತ್ತು. ಓರಿನ್ ಹಚ್ ಬಾನೆಟ್ ತೆಗೆಸಿ, ಟೈರು ಒದ್ದು ನೋಡಿದ. ಆಕ್ಷೇಪಿಸಲು ಏನೂ ಸಿಗದೆ ಒಳಗೆ ಹೋದ. ಭಾಮೈದ ಬೆಂಚಿನ ಮೇಲೆ ಊಟದ ಡಬ್ಬಿಯ ಸಮೇತ ಕಾದಿದ್ದನಂತೆ. ಮಾರ್ಗ ಲಿಯೋಟಾಳದೇ ಆಯಿತು. ಮುಂದೆ ಹದಿನೇಳು ವರ್ಷ ಅವಳದೇ ಆಗಿತ್ತು.

ಆ ದಿನ ಶಾಲೆಗೆ ರಜೆಯಿತ್ತು. ಹನ್ನೊಂದು ಗಂಟೆಗೆ ನಾನು ಡಬ್ಬಿಯ ಹತ್ತಿರ ಹೋದಾಗ ಎದುರು ಮನೆಯ ಆರ್ಲೋ ಬೈಯರ್ ಪಕ್ಕದಲ್ಲೇ ಇದ್ದ ತನ್ನ ಡಬ್ಬಿಯ ಬಳಿ ನಿಂತಿದ್ದ. ಆ ವಾರವೇ ಕ್ರೈಡರ್ ಅಂಗಡಿಗೆ ಹೋಗುವವನಿದ್ದ. ಬಿಳಿ ಗಾಡಿ ಅವನ ಮುಂದೆ ನಿಂತಿತು. ಮನೆಗೆ ತಂದ ದಿನವೇ ಎಲ್ಲರೂ ಕೆರೆದು ತೆಗೆಯುವ ಬೆಲೆಚೀಟಿ ಕಿಟಕಿಯ ಮೇಲೆ ಹಾಗೇ ಇತ್ತು. ಅದರ ಕೆಳಗೆ ಒಂದು ಪೋಸ್ಟ್ ಕಾರ್ಡ್ ಅಂಟಿಸಿ, ಕಪ್ಪು ಮೇಣದ ಬಳಪದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: "ಕೊಟ್ಟದ್ದು 2,150. ಹಳೆಯದಕ್ಕೆ ಬಂದದ್ದು 300. ನಿಮ್ಮ ಕೀಲಿ ಕೊಡಬೇಡಿ. ಕೋಣೆಯಲ್ಲಿ ಮಾತಾಡಬೇಡಿ."

ಆರ್ಲೋ ಕನ್ನಡಕ ತರಲು ಮನೆಯೊಳಗೆ ಹೋದ. ಯಾವ ಡಬ್ಬಿಯ ಮುಂದೆಯೂ ಅರ್ಧ ನಿಮಿಷ ನಿಲ್ಲದ ಲಿಯೋಟಾ ಎಂಜಿನ್ ಆರಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವನು ಬಂದು ಓದಿ ಮುಗಿಸುವವರೆಗೂ ಕಾದಳು.