ನಲವತ್ತು ಡಿಗ್ರಿ ಹಿಂದಕ್ಕೆ ಬಾಗಿದ ಹ್ಯಾಂಡಲ್

ನನ್ನ ಬಲಗೈಯ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಜೋಮು ಹಿಡಿಯತೊಡಗಿದ್ದು ಜೂನ್ ಮೂರನೇ ವಾರದಲ್ಲಿ. ದಿನಚರಿಯಲ್ಲಿ ಅದಕ್ಕೆಂದು ಒಂದು ಅಂಕಣ ಗೀಚಿದೆ. ಸೊನ್ನೆ ಎಂದರೆ ಏನೂ ಇಲ್ಲ. ಒಂದು ಎಂದರೆ ಜುಮ್ಮೆನ್ನುತ್ತಿದೆ. ಎರಡು, ಮರಗಟ್ಟಿದೆ. ಮೂರು, ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ. ಜೂನ್ ಮುಗಿಯುವಷ್ಟರಲ್ಲಿ ನಾಲ್ಕು ಸಲ ಮೂರು ಬರೆದಿದ್ದೆ.

ಬೇರೆಯವರಿಗಾದರೆ ಎರಡು ಬೆರಳು ದೊಡ್ಡ ಮಾತಲ್ಲ. ನಾನು ನವಲಗುಂದದ ಒಂದು ಶೆಡ್ಡಿನಲ್ಲಿ ಜಮಖಾನ ನೇಯುತ್ತೇನೆ. ಎತ್ತರದ ಮಗ್ಗದ ಮುಂದೆ ಇಬ್ಬರು ಅಕ್ಕಪಕ್ಕ ಕೂತು, ಒಂದೇ ಜಮಖಾನದ ಅರ್ಧರ್ಧ ಭಾಗ ನೇಯುವುದು ನಮ್ಮ ಪದ್ಧತಿ. ನೂಲು ಹಾಯಿಸಿದ ಮೇಲೆ ಪಂಜಾದಿಂದ, ಅಂದರೆ ಕಬ್ಬಿಣದ ಹಲ್ಲಿನ ಬಾಚಣಿಕೆಯಿಂದ, ಸಾಲನ್ನು ಕೆಳಗೆ ಬಡಿಯಬೇಕು. ಪೆಟ್ಟು ಬಿಗಿಯಾದರೆ ಸಾಲುಗಳು ಒತ್ತಾಗಿ ಕೂರುತ್ತವೆ. ಸಡಿಲಾದರೆ ಅಷ್ಟೇ ಸಾಲುಗಳು ಹೆಚ್ಚು ಎತ್ತರ ಏರುತ್ತವೆ, ಜಮಖಾನ ಒಂದು ಕಡೆ ಕುಂಟುತ್ತದೆ. ನನ್ನ ಕಡೆ ಏರುತ್ತಿತ್ತು.

ನನ್ನ ಪಕ್ಕ ಕೂರುತ್ತಿದ್ದವಳು ಖಾಲಾ, ನನ್ನ ಅಮ್ಮನ ಅಕ್ಕ. ಮೂವತ್ತು ವರ್ಷದ ಕೈ. ನಾನು ಮಗ್ಗಕ್ಕೆ ಕೂತ ದಿನದಿಂದಲೂ ಅವಳಿಗೆ ನನ್ನ ಮೇಲೆ ಕಣ್ಣು. ನಮ್ಮಲ್ಲಿ ದೊಡ್ಡ ನಮೂನೆಗಳನ್ನು ಹೆಣ್ಣುಮಕ್ಕಳಿಗೆ ಕಲಿಸುವುದಿಲ್ಲ. ಅವರು ಮದುವೆಯಾಗಿ ಬೇರೆ ಮನೆಗೆ ಹೋಗುವಾಗ ಕಸಬನ್ನೂ ಒಯ್ಯುತ್ತಾರೆ ಎಂದು, ಸೊಸೆಯರಿಗೇ ಕಲಿಸುವುದು. ನಾನು ಮಗಳ ಸಾಲಿನವಳು, ಶೆಡ್ಡಿನವರು ಕೂರಿಸಿದ್ದರಿಂದ ಮಗ್ಗಕ್ಕೆ ಬಂದವಳು. ಅವಳ ಮಗನಿಗೆ ಹೆಣ್ಣು ಗೊತ್ತಾಗಿತ್ತು.

"ಈ ಜಾಗಾ ನಮ್ಮ ಸೊಸಿದು," ಎಂದು ಅವಳು ನನ್ನೆದುರಿಗೇ ಹೇಳುತ್ತಿದ್ದಳು. "ಅಕಿ ಬರೂತನಾ ಈಕಿ ಬೆಚ್ಚಗ ಮಾಡಿ ಇಡವಲ್ಲಳ್ಯಾಕ."

ಖಾಲಾ ಮುದ್ದು ಮಾಡುವಾಗ ಉರ್ದು ಆಡುತ್ತಿದ್ದಳು. ಚುಚ್ಚಬೇಕಾದಾಗ ಕನ್ನಡ, ಶೆಡ್ಡಿನ ಎಲ್ಲರಿಗೂ ತಿಳಿಯಲಿ ಎಂದು. ಜುಲೈ ಎರಡನೇ ಸೋಮವಾರ ಅವಳು ಪಂಜಾ ಕೆಳಗಿಟ್ಟು, ಮೇಲ್ವಿಚಾರಕಿಯನ್ನು ಕರೆದಳು. ಅವರನ್ನು ನಾವೆಲ್ಲ ಬಾಯಾರು ಅನ್ನುತ್ತೇವೆ.

"ಬಾಯಾರ, ಬರ್ರಿ, ಈಕಿ ಕಡಿ ಒಂದೀಟ ನೋಡ್ರಿ. ಜಮಖಾನ ಅಲ್ಲ ಇದು, ಉಳ್ಳಾಗಡ್ಡಿ ಚೀಲ. ಬೆಳಕ ಹಾಯತೈತಿ."

ಹನ್ನೊಂದು ಜನ ನಕ್ಕರು. ಎಣಿಸಿದೆ. ಬಾಯಾರು ನಗಲಿಲ್ಲ, ಆದರೆ ದೀಪಾವಳಿಯ ನಂತರ ದೊಡ್ಡ ನವಿಲಿನ ಜಮಖಾನ ಶುರುವಾಗುತ್ತದೆ, ಅಷ್ಟರಲ್ಲಿ ಕೈ ಸರಿಹೋಗದಿದ್ದರೆ ಜಾಗ ಬಿಡಬೇಕಾಗುತ್ತದೆ ಎಂದರು. ಆ ರಾತ್ರಿಯ ಪುಟದಲ್ಲಿ ಒಂದೇ ವಾಕ್ಯವಿದೆ: ಈ ಜಾಗ ನಾನು ಬಿಡುವುದಿಲ್ಲ, ಖಾಲಾಳನ್ನೇ ಬಿಡಿಸುತ್ತೇನೆ.

ಸಿಟ್ಟಿನಲ್ಲಿ ಬರೆದದ್ದಾದರೂ ಕೆಲಸವನ್ನು ಲೆಕ್ಕದಿಂದಲೇ ಆರಂಭಿಸಿದೆ. ಆವರೆಗಿನ ಇಪ್ಪತ್ತು ಕೆಲಸದ ದಿನಗಳಲ್ಲಿ ಏಳು ದಿನ ಮಳೆಯಿಂದಾಗಿ ಬಸ್ಸಿನಲ್ಲಿ ಬಂದಿದ್ದೆ. ಆ ಏಳು ದಿನವೂ ಬೆರಳಿನ ಅಂಕಣದಲ್ಲಿ ಒಂದಕ್ಕಿಂತ ಹೆಚ್ಚಿನ ಅಂಕಿ ಇರಲಿಲ್ಲ. ಉಳಿದ ದಿನ ಸೈಕಲ್ಲು. ಅಂದರೆ ಕೈ ಕೆಡುತ್ತಿದ್ದದ್ದು ಮಗ್ಗದಲ್ಲಿ ಅಲ್ಲ, ದಾರಿಯಲ್ಲಿ.

ನಮ್ಮ ಮನೆ ತಿರ್ಲಾಪುರದಲ್ಲಿ. ಬಸ್ಸು ಸಿಕ್ಕರೂ ಶೆಡ್ಡಿಗೆ ತಡವಾಗುತ್ತದೆ. ಹಾಗಾಗಿ ತಮ್ಮ ಮೋಟಾರ್‌ಸೈಕಲ್ ಕೊಂಡ ಮೇಲೆ ಮೂಲೆಗೆ ಸರಿಸಿದ್ದ ಅವನ ಮೌಂಟೇನ್ ಸೈಕಲ್ಲು ನನ್ನದಾಯಿತು. ದಪ್ಪ ಗಾಲಿ, ನೆಟ್ಟಗಿನ ಅಗಲ ಹ್ಯಾಂಡಲ್. ಟ್ರ್ಯಾಕ್ಟರುಗಳು ಕೊರೆದಿಟ್ಟ ರಸ್ತೆಯಲ್ಲಿ ಐವತ್ತು ನಿಮಿಷ, ಮುಂದಕ್ಕೆ ಬಾಗಿ, ಅಂಗೈ ಕೋಲಿನಂಥ ಹ್ಯಾಂಡಲ್ಲಿಗೆ ಒತ್ತಿಕೊಂಡು ಬರುತ್ತಿದ್ದೆ.

ನವಲಗುಂದದ ಸೈಕಲ್ ರಿಪೇರಿ ಅಂಗಡಿಯ ಕಾಕಾ ನನ್ನ ಸೈಕಲ್ಲನ್ನು ಕಂಡಾಗಲೆಲ್ಲ ಒಂದೇ ಮಾತು ಆಡುತ್ತಿದ್ದರು.

"ಮೌಂಟೇನ್ ಸೈಕಲ್ ಅಂತ! ತಿರ್ಲಾಪುರದಾಗ ಗುಡ್ಡ ಎಲ್ಲೈತಿ, ಒಮ್ಮಿ ತೋರ್ಸವಾ ನನಗ."

ನಾನು ಬೆರಳಿನ ಕಥೆ ಹೇಳಿದೆ. ಅವರು ಮೊದಲು ಮೆತ್ತನೆಯ ಹಿಡಿಕೆ ಹಾಕಿದರು. ಒಂಬತ್ತು ದಿನ ನೋಡಿದೆ. ಅಂಕಿಗಳು ಕದಲಲಿಲ್ಲ. ಆಗ ಅವರು ಕೈಗೊಂದರಂತೆ ಎರಡು ಸ್ಕ್ರೂಡ್ರೈವರ್ ಕೊಟ್ಟರು.

"ಕಣ್ಣ ಮುಚ್ಚು. ಮುಷ್ಟಿಯಾಗ ಹಿಡದು ಕೈ ಮುಂದ ಚಾಚು. ಬಿಗಿ ಹಿಡೀಬ್ಯಾಡ. ಹಾಂ, ಈಗ ಕಣ್ಣ ತೆಗದು ನೋಡು."

ಎರಡೂ ಸ್ಕ್ರೂಡ್ರೈವರುಗಳು ಒಂದೇ ಗೆರೆಯಲ್ಲಿರಲಿಲ್ಲ. ಹೊರತುದಿಗಳು ನನ್ನ ಕಡೆಗೆ, ಹಿಂದಕ್ಕೆ ಓರೆಯಾಗಿದ್ದವು.

"ನಿನ್ನ ಕೈ ಹಿಂಗ ಕುಂಡ್ರತೈತಿ. ಹ್ಯಾಂಡಲ್ ನೆಟ್ಟಗ ಐತಿ. ಐವತ್ತ ಮಿನಿಟ ಕೈ ತಿರುವಿಕೊಂಡ ಬರತಿ. ನರಾ ಸುಮ್ನಿರತೈತೇನ?"

ಮನೆಗೆ ಹೋಗಿ ಕಂಪಾಸ್ ಪೆಟ್ಟಿಗೆ ಹುಡುಕಿದೆ. ಎರಡು ಲಟ್ಟಣಿಗೆ ಹಿಡಿದು ಗೋಡೆಯ ಮುಂದೆ ನಿಂತೆ, ತಂಗಿ ಕೋನಮಾಪಕದಿಂದ ಅಳೆದಳು. ಹತ್ತು ಸಲ. ಕಡಿಮೆ ಬಂದದ್ದು ಮೂವತ್ತಾರು, ಹೆಚ್ಚು ಬಂದದ್ದು ನಲವತ್ತನಾಲ್ಕು. ನನ್ನ ಮುಂಗೈಗೆ ಬೇಕಾದದ್ದು ಸುಮಾರು ನಲವತ್ತು ಡಿಗ್ರಿ. ತಮ್ಮನ ಹ್ಯಾಂಡಲ್ಲನ್ನು ಅಳೆದರೆ ಬರೀ ಏಳು.

ಇಷ್ಟು ತಿಳಿದ ಮೇಲೆ ನಾನು ತಪ್ಪು ಮಾಡಿದೆ. ಕಾಕಾನ ಅಂಗಡಿಯ ಹಿಂದೆ ಹಾಲಿನವರ ಹಳೆಯ ಸೈಕಲ್ಲುಗಳ ಹ್ಯಾಂಡಲ್ ರಾಶಿ ಬಿದ್ದಿತ್ತು. ಅವು ಹಿಂದಕ್ಕೆ ಚೆನ್ನಾಗಿಯೇ ಬಾಗಿರುತ್ತವೆ, ನಲವತ್ತಕ್ಕಿಂತ ಹೆಚ್ಚೇ. ನನ್ನ ಸೈಕಲ್ಲಿನಲ್ಲಿ ಹ್ಯಾಂಡಲ್ ಬಿಗಿಯುವ ಹಿಡಿತಕ್ಕೆ ಅವುಗಳ ನಡುಭಾಗ ತೆಳ್ಳಗಾಗುತ್ತದೆ ಎಂದು ಕಾಕಾ ಹಾಕಿಕೊಡಲು ಒಪ್ಪಲಿಲ್ಲ.

"ಒಂದ್ ಕೂದಲೆಳಿ ಸಡ್ಲ ಇದ್ರೂ ತಿರಗತೈತಿ. ಹಲ್ಲ ಉದರಿಸ್ಕೊಂಡ ಬಂದ್ರ ನಿಮ್ಮವ್ವ ನನ್ನ ಬೈತಾಳ."

ಆದರೆ ಜಾಗದ ಗಡುವು ನನ್ನ ತಲೆಯಲ್ಲಿ ಕೂತಿತ್ತು. ಒಂದು ಹ್ಯಾಂಡಲ್ ಕೇಳಿ ತಂದೆ. ಶೇಂಗಾ ಎಣ್ಣೆಯ ಡಬ್ಬಿಯ ತಗಡು ಕತ್ತರಿಸಿ, ನಡುವಿಗೆ ಎರಡು ಸುತ್ತು ಸುತ್ತಿ, ನಾನೇ ಬಿಗಿದೆ. ಮೂರು ದಿನ ಕೈ ಹಗುರವಾಗಿತ್ತು. ನಾಲ್ಕನೇ ದಿನ ಕಾಲುವೆಯ ಸೇತುವೆಯ ಉಬ್ಬು ಹಾರಿದಾಗ ಹ್ಯಾಂಡಲ್ ಗರಗರ ತಿರುಗಿ ಕೆಳಗೆ ಹೋಯಿತು, ಅದರ ಹಿಂದೆ ನಾನೂ ಹೋದೆ. ಮಣಿಕಟ್ಟು ಉಳುಕಿತು. ಹದಿಮೂರು ದಿನ ಮನೆಯಲ್ಲಿ.

ಐದನೇ ದಿನ ಖಾಲಾ ಹಣ್ಣು ತಗೊಂಡು ನೋಡಲು ಬಂದಳು. ಮೋಸಂಬಿ ಸುಲಿದು ಕೊಡುತ್ತಾ ಹೇಳಿದಳು: "ಅರಾಮ ತಗೊ ಬೇಟಿ, ಗಡಬಡಿ ಮಾಡಬ್ಯಾಡ. ನಿನ್ನ ಜಾಗಾದಾಗ ನಮ್ಮ ಸೊಸಿಯಾಗೂ ಹುಡುಗಿನ್ನ ಕುಂಡ್ರಿಸೀನಿ. ಅಗದಿ ಚಲೋ ಕೈ ಐತಿ ಅಕಿದು."

ಆ ಮೋಸಂಬಿಯನ್ನು ನಾನು ತಿಂದೆ. ಒಂಬತ್ತು ತೊಳೆ. ಪ್ರತಿಯೊಂದನ್ನೂ ಅಗಿಯುವಾಗ ಅವಳ ಮುಖ ನೋಡುತ್ತಿದ್ದೆ.

ಉಳಿದ ಎಂಟು ದಿನ ತಮ್ಮನ ಮೊಬೈಲಿನಲ್ಲಿ ಹ್ಯಾಂಡಲ್ಲುಗಳನ್ನು ನೋಡುವುದರಲ್ಲಿ ಕಳೆದೆ. ಮೌಂಟೇನ್ ಸೈಕಲ್ಲಿಗೆಂದೇ ಹಿಂದಕ್ಕೆ ಬಾಗಿಸಿದ ಹ್ಯಾಂಡಲ್ಲುಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ಹದಿನೈದು ಡಿಗ್ರಿಯವು, ಇಪ್ಪತ್ತೈದರವು, ನಲವತ್ತರ ಹತ್ತಿರದವು. ಒಂದು ಪುಟಕ್ಕೆ ನಾಲ್ಕು ಅಂಕಣ ಹಾಕಿದೆ: ಬಾಗು, ನಡುವಿನ ದಪ್ಪ, ಅಗಲ, ಬ್ರೇಕಿನ ಹಿಡಿಕೆ ಕೂರುವಷ್ಟು ನೇರ ಜಾಗ. ಹದಿನೇಳರಲ್ಲಿ ಹನ್ನೆರಡನ್ನು ಮೊದಲ ದಿನವೇ ಹೊಡೆದುಹಾಕಿದೆ. ಕೊನೆಗೆ ಉಳಿದದ್ದು ಎರಡು. ಕಡಿಮೆ ಅಗಲದ್ದನ್ನು ಬಿಟ್ಟೆ. ತಿರುವಿನಲ್ಲಿ ಅದರ ತುದಿ ಮೊಣಕಾಲಿಗೆ ತಾಗುತ್ತದೆ ಎಂದು ಗೋಡೆಗೆ ಸುಣ್ಣದಲ್ಲಿ ಗೆರೆ ಎಳೆದು ನೋಡಿದ್ದೆ.

ನಲವತ್ತು ಡಿಗ್ರಿಯ ಇನ್ನೊಂದನ್ನು ತರಿಸಿದೆ. ಆ ಹ್ಯಾಂಡಲ್ ಬಂದ ದಿನ ಕಾಕಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದಕ್ಕೇನವಾ ಇಷ್ಟ ದಿನಾ ಹುಡಕಿದಿ? ಎತ್ತಿನ ಕೋಡ ಇದ್ಹಂಗ ಐತಿ." ನಗುತ್ತಲೇ ಅರ್ಧ ದಿನ ಕೆಲಸ ಮಾಡಿದರು. ಕೈ ಹಿಂದೆ ಬಂದದ್ದರಿಂದ ಮೈ ಮಡಚಿದಂತಾಗುತ್ತಿತ್ತು. ಹ್ಯಾಂಡಲ್ ಹಿಡಿದಿಡುವ ಕುತ್ತಿಗೆಯನ್ನು ತೆಗೆದು ಮೂರು ಬೆರಳಷ್ಟು ಹೆಚ್ಚು ಉದ್ದದ್ದು ಹಾಕಿದರು. ಬ್ರೇಕಿನ ಕೇಬಲ್ ಹೊಸದು. ತುದಿಗಳನ್ನು ಒಂದು ಚೂರು ಕೆಳಗೆ ಓರೆ ಮಾಡಿದರು. ಶೆಡ್ಡಿನ ಮುಂದೆ ಇಳಿದಾಗ ಹೆಂಗಸರು ಎತ್ತಿನ ಗಾಡಿ ಬಂತು ಎಂದರು. ಏಳು ಜನ ನಕ್ಕರು. ಹನ್ನೊಂದಕ್ಕಿಂತ ಕಡಿಮೆ.

ಬಾಯಾರು ನನ್ನ ಜಾಗದಲ್ಲಿದ್ದ ಆ ಹುಡುಗಿಯನ್ನು ಏಳಿಸಿ ನನ್ನನ್ನು ಕೂರಿಸಿದರು. ಹತ್ತನೇ ದಿನ ಬೆರಳಿನ ಅಂಕಣದಲ್ಲಿ ಮೊದಲ ಸೊನ್ನೆ ಬಂತು, ಹದಿನೈದನೇ ದಿನದ ನಂತರ ಬರೀ ಸೊನ್ನೆ. ಪಂಜಾ ನನ್ನ ಕೈಯಲ್ಲಿ ತೂಕವಿಲ್ಲದಂತೆ ಏಳುತ್ತಿತ್ತು. ಮೊದಲು ಒಂದು ಅಂಗುಲಕ್ಕೆ ಹದಿನಾಲ್ಕು ಸಾಲು ಕೂರಿಸುತ್ತಿದ್ದವಳು ಹದಿನೇಳಕ್ಕೆ ಬಂದೆ, ದೀಪಾವಳಿಯ ಹೊತ್ತಿಗೆ ಹದಿನೆಂಟು. ಪಕ್ಕದವಳ ಸಾಲುಗಳನ್ನೂ ಸೂಜಿಯ ತುದಿಯಿಂದ ಎಣಿಸುತ್ತಿದ್ದೆ. ಖಾಲಾಳದು ಹದಿನೇಳಿತ್ತು. ನವಿಲಿನ ಜಮಖಾನ ಶುರುವಾದ ಎರಡನೇ ವಾರಕ್ಕೆ ಹದಿನಾರಾಯಿತು, ಆಮೇಲೆ ಹದಿನೈದು. ಅವಳ ಹೆಬ್ಬೆರಳಿನ ಬುಡ ಊದಿತ್ತು. ಅವಳು ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ.

ಮಗ್ಗಕ್ಕೆ ಮುಖ ಹತ್ತಿಸಿ ಕೂತವರಿಗೆ ಏರು ಕಾಣುವುದಿಲ್ಲ. ಅದಕ್ಕೇ ನಾಲ್ಕು ಬೆರಳಿಗೊಮ್ಮೆ ದಾರ ಎಳೆಯುವ ರೂಢಿ. ಇಬ್ಬರಲ್ಲಿ ಚಿಕ್ಕವಳು ದಾರವನ್ನು ಆಚೆಯಿಂದೀಚೆ ಹಿಡಿದು, ಸಾಲು ಸಮವಿದೆಯೋ ಇಲ್ಲವೋ ಕೂಗಿ ಹೇಳಬೇಕು. ಏರಿದ ಕಡೆಯವಳು ಬಿಗಿಯಾಗಿ ಬಡಿದು ಸರಿಮಾಡಿಕೊಳ್ಳುತ್ತಾಳೆ. ಮಗ್ಗದಲ್ಲಿ ದಾರ ಹಿಡಿದವಳ ಮಾತನ್ನು ಯಾರೂ ಅನುಮಾನಿಸುವುದಿಲ್ಲ.

ನಾನು ದಾರ ಹಿಡಿದೆ. ಖಾಲಾಳ ಕಡೆ ಅರ್ಧ ಬೆರಳು ಏರಿತ್ತು.

"ಸಮಾ ಐತಿ, ಖಾಲಾ," ಎಂದೆ.

ಹದಿನಾರು ದಿನಗಳಲ್ಲಿ ಆರು ಸಲ ದಾರ ಹಿಡಿದು ಆರು ಸಲವೂ ಹಾಗೇ ಹೇಳಿದೆ. ಪ್ರತಿ ಸಲದ ಏರನ್ನೂ ಮನೆಗೆ ಬಂದು ಬರೆದಿಟ್ಟೆ. ಅರ್ಧ ಬೆರಳು, ಒಂದು, ಒಂದೂವರೆ. ಮೂರನೇ ಸಲ ದಾರವನ್ನು ಎರಡೆರಡು ಬಾರಿ ಹಿಡಿದು ನೋಡಿದೆ, ಆದರೆ ಉಳ್ಳಾಗಡ್ಡಿ ಚೀಲ ನೆನೆಸಿಕೊಂಡೆ, ಮಾತು ಸಲೀಸಾಗಿ ಬಂತು.

ನಮೂನೆಯಲ್ಲಿ ಎರಡು ನವಿಲುಗಳು ಎದುರುಬದುರು. ನನ್ನ ಅರ್ಧದಲ್ಲಿ ಒಂದು, ಅವಳ ಅರ್ಧದಲ್ಲಿ ಒಂದು. ಕೊಕ್ಕುಗಳು ನಡುವೆ ಮುಟ್ಟಬೇಕು. ಹದಿನೇಳನೇ ದಿನ ಅವು ಮುಟ್ಟುವ ಸಾಲು ಬಂತು. ಖಾಲಾಳ ನವಿಲು ಎರಡು ಬೆರಳು ಮೇಲಿತ್ತು, ನನ್ನ ನವಿಲಿನ ತಲೆಯ ಮೇಲಿಂದ ಎಲ್ಲೋ ದೂರ ನೋಡುತ್ತಿತ್ತು.

ಶೆಡ್ಡಿನಲ್ಲಿ ಯಾರೋ ಒಬ್ಬಳು ಎದ್ದುಬಂದಳು, ಆಮೇಲೆ ಎಲ್ಲರೂ. ಬಾಯಾರು ಟೇಪು ಹಿಡಿದು ಎರಡೂ ಕಡೆ ಅಳೆದರು. ಸಾಲು ಎಣಿಸಿದರು. ನನ್ನ ಕಡೆ ತಪ್ಪಿರಲಿಲ್ಲ, ದಾರದ ಮಾತನ್ನು ಯಾರೂ ಕೆದಕಲಿಲ್ಲ.

"ನಿಮ್ಮ ಕೈ ಏನಾಗೇತ್ರಿ?" ಎಂದು ಖಾಲಾಳನ್ನು ಕೇಳಿದರು. ಆಗ ಅವಳು ಹೆಬ್ಬೆರಳು ತೋರಿಸಬೇಕಾಯಿತು. ಈ ಸಲ ಯಾರೂ ನಗಲಿಲ್ಲ. ನನಗೆ ಅದರಿಂದ ಸ್ವಲ್ಪ ಬೇಸರವೇ ಆಯಿತು.

ಬಾಯಾರು ಅವಳನ್ನು ಮಗ್ಗದಿಂದ ಇಳಿಸಿ, ನೆಲಕ್ಕೆ ಕೂತು ಜಮಖಾನದ ಅಂಚಿನ ಗೊಂಡೆ ಕಟ್ಟುವ ಕೆಲಸಕ್ಕೆ ಹಾಕಿದರು. ಸೊಸೆಯಾಗುವ ಹುಡುಗಿಯ ವಿಷಯ ಯಾರೂ ಎತ್ತಲಿಲ್ಲ. ಖಾಲಾಳ ಬದಲು ನನ್ನ ಪಕ್ಕ ಬೇರೊಬ್ಬಳು ಬಂದಳು. ಆದರೆ ಅಡ್ಡನೂಲು ಎರಡೂ ಕಡೆ ಹೆಣೆದುಕೊಂಡಿರುತ್ತದೆ, ಒಬ್ಬರ ಅರ್ಧ ಮಾತ್ರ ಬಿಚ್ಚಲು ಬರುವುದಿಲ್ಲ. ಅಂಗುಲಕ್ಕೆ ಹದಿನೆಂಟು ಸಾಲಿನ ನನ್ನ ನವಿಲನ್ನೂ ಬಿಚ್ಚಬೇಕಾಯಿತು. ಹದಿನಾರು ದಿನದ ನೇಯ್ಗೆ ಬಿಚ್ಚಲು ಐದು ದಿನ.

ಮೊದಲ ದಿನ ಖಾಲಾ ಗೊಂಡೆಯಿಂದ ತಲೆ ಎತ್ತದೆ ಕೇಳಿದಳು, ಈ ಸಲ ಉರ್ದುವಿನಲ್ಲಿ, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ: ಎಷ್ಟು ದಿನದಿಂದ ಗೊತ್ತಿತ್ತು?

ಸುಳ್ಳು ಹೇಳಬಹುದಿತ್ತು. ಲೆಕ್ಕ ಇಟ್ಟವಳಿಗೆ ಲೆಕ್ಕ ಹೇಳದೆ ಇರುವುದು ಕಷ್ಟ.

"ಹದಿನಾರು ದಿನ," ಎಂದೆ.

ಅವಳು ಒಂದು ಗೊಂಡೆ ಮುಗಿಸಿ, ಹಲ್ಲಿನಿಂದ ನೂಲು ಕಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದಳು: "ನಾ ಆಗಿದ್ರ ಕೊಕ್ಕ ಕೂಡೂತನಾ ತಡದು, ಆಮ್ಯಾಲ ಜಮಖಾನ ಮುಗಿಯೂತನಾ ಸುಮ್ನಿರತಿದ್ದೆ. ಕಚ್ಚಾ ಅದಿ ಇನ್ನೂ."

ಉಳಿದ ನಾಲ್ಕು ದಿನ ಅವಳು ಗೊಂಡೆ ಕಟ್ಟಿದಳು. ನಾನು ಎಳೆ ಎಳೆಯಾಗಿ ನೂಲು ಹಿಂದಕ್ಕೆ ಎಳೆದು ಉಂಡೆ ಸುತ್ತಿದೆ. ನನ್ನ ನವಿಲಿನ ಕೊಕ್ಕು ಹೋಯಿತು, ಕುತ್ತಿಗೆ ಹೋಯಿತು, ಕಾಲು ಹೋಯಿತು. ಆ ಐದೂ ದಿನಗಳ ಬೆರಳಿನ ಅಂಕಣದಲ್ಲಿ ಸೊನ್ನೆಯೇ ಇದೆ. ಆರನೇ ದಿನ ಬೆಳಿಗ್ಗೆ ಮತ್ತೆ ಮೊದಲ ಸಾಲು ಬಡಿದೆ.