ಮೆಹಿಟಬಲಳ ದೋಣಿಯಲ್ಲಿ ಒಂದು ಸಬ್ಬತ್

ವ್ಯಾಪಾರಿಯ ಕಣ್ಣಿಗೆ ಮೆಹಿಟಬಲ್ ಪೆಕ್ ಅಂಗಡಿಯ ಹಿಂದಿನ ಸಾಲಿನ ಸರಕು. ಗಿಡ್ಡ ಆಳು, ಹುಟ್ಟು ಹಾಕಿ ಹಾಕಿ ಹಲಗೆಯಂತಾದ ಅಂಗೈ, ಮುಂದಿನ ಒಂದು ಹಲ್ಲು ಖೋತಾ. ನಾಲಿಗೆ ಮಾತ್ರ ಅಸಲಿ ಶೆಫೀಲ್ಡ್ ಉಕ್ಕಿನ ಚಾಕು.

ಗಂಡ ಸತ್ತ ಮೇಲೆ ದೋಣಿ ಅವಳ ಪಾಲಿಗೆ ಬಂತು. ಹೊಳೆಯ ಮೂಡಣ ದಡ ಮ್ಯಾಸಚೂಸೆಟ್ಸ್‌ನವರದು, ಪಡುವಣ ದಡ ರೋಡ್ ಐಲೆಂಡ್‌ನವರದು. ಎರಡೂ ಕಡೆಯವರು ಇಂಗ್ಲೆಂಡಿನಿಂದ ಒಂದೇ ಬಗೆಯ ಹಡಗಿನಲ್ಲಿ, ಒಂದೇ ಬಗೆಯ ಹುಳುಬಿದ್ದ ಬಿಸ್ಕತ್ತು ತಿಂದು ಬಂದವರೇ. ಇಳಿದ ಮೇಲೆ ಮೂಡಣದವರು ಪ್ರಾರ್ಥನಾ ಮಂದಿರದ ಸುತ್ತ ಸಾಲಾಗಿ ಮನೆ ಕಟ್ಟಿ, ಶನಿವಾರ ಸೂರ್ಯ ಮುಳುಗಿದಾಗಿನಿಂದ ಭಾನುವಾರ ಮುಳುಗುವ ತನಕ ಸಬ್ಬತ್, ಯಾರೂ ಕೆಲಸ ಮಾಡಕೂಡದೆಂದು ವಿಧಿಸಿ, ಯಾರು ಯಾವ ಬೆಂಚಿನಲ್ಲಿ ಕೂರಬೇಕೆಂದೂ ಗೊತ್ತುಮಾಡಿದರು. ಬೆಂಚು ಒಗ್ಗದವರನ್ನು ಹೊಳೆ ದಾಟಿಸಿದರು. ಹಾಗೆ ದಾಟಿದವರೆಲ್ಲ ಸೇರಿ ಪಡುವಣದ ಊರಾಯಿತು. ಅಲ್ಲಿ ತಲೆಗೊಂದು ಪಂಥ. ದೋಣಿಕಟ್ಟೆ ಎಲ್ಲಿ ಕಟ್ಟಬೇಕೆಂದು ಒಮ್ಮತ ಬಾರದೆ ಇವತ್ತಿಗೂ ಜನ ಕೆಸರಿಗೇ ಇಳಿಯುತ್ತಾರೆ.

ಮೆಹಿಟಬಲಳ ಮನೆ, ಹಸು, ಗಂಡನ ಸಮಾಧಿ, ಮೂರೂ ಮೂಡಣ ದಡದಲ್ಲೇ ಇದ್ದವು.

ಒಂದು ಶನಿವಾರ ಸಂಜೆ ಗುಂಡಿ, ಸೂಜಿ ಮಾರುವ ಕ್ವೇಕರ್ ಪಂಥದವನೊಬ್ಬ ಓಡಿಬಂದು ಅವಳ ದೋಣಿಗೆ ಹಾರಿದ. ನ್ಯಾಯಾಧೀಶರ ಮುಂದೆ ಟೋಪಿ ತೆಗೆದಿರಲಿಲ್ಲ. ಕ್ವೇಕರರ ಪ್ರಕಾರ ಟೋಪಿ ತೆಗೆಯುವುದು ದೇವರಿಗೆ ಮಾತ್ರ. ಮೂಡಣದವರ ಪ್ರಕಾರ ಅಂಥವನ ಕಿವಿ ಕತ್ತರಿಸಬೇಕು. ಬೆನ್ನಿಗೇ ಪೇದೆ ಒಬಡಯ ಕ್ರಾಫ್ ಬಂದು ದೋಣಿಗೆ ಹಾರಿದ. ಅಷ್ಟರಲ್ಲಿ ಮೆಹಿಟಬಲ್ ದೋಣಿಯನ್ನು ದಡದಿಂದ ನೂಕಿಯಾಗಿತ್ತು.

"ಏಯ್, ತಿರುಗಿಸೇ ದೋಣಿ!"

"ತಿರುಗಿಸ್ತೀನಿ ಸ್ವಾಮಿ. ನೀವು ಕೂತ್ಕೊಳ್ಳಿ, ಮಗುಚಿದ್ರೆ ಮೂರೂ ಜನ ಮೀನಿಗೇ."

ಪೇದೆ ಕೂತ. ಅವಳು ತಿರುಗಿಸಿದಳು, ನಿಧಾನವಾಗಿ, ಬಸುರಿ ಎಮ್ಮೆ ಮಗ್ಗುಲು ಬದಲಿಸಿದ ಹಾಗೆ. ನಡುಹೊಳೆಯಲ್ಲಿ ಸೂರ್ಯ ಮುಳುಗಿದ. ಅವಳು ಹುಟ್ಟನ್ನು ಒಳಗೆಳೆದು ಮಡಿಲಲ್ಲಿ ಕೈ ಕಟ್ಟಿ ಕೂತಳು.

"ಯಾಕೆ ನಿಲ್ಲಿಸ್ದೆ?"

"ಸಬ್ಬತ್ ಶುರುವಾಯ್ತಲ್ಲ ಸ್ವಾಮಿ. ಹೋದ ತಿಂಗಳು ಶನಿವಾರ ಹೊತ್ತು ಮುಳುಗಿದ್ಮೇಲೆ ಎರಡು ಸಲ ಹುಟ್ಟು ಹಾಕ್ದೆ ಅಂತ ಕಾಲಿಗೆ ಮರದ ಕೋಳ ಹಾಕ್ಸಿದ್ರಲ್ಲ, ಮರೆತ್ರಾ? ಬೇಕಾದ್ರೆ ಹುಟ್ಟು ನೀವೇ ಹಿಡೀರಿ. ನಾನ್ಯಾರಿಗೂ ಹೇಳಲ್ಲ. ಇವನೂ ಹೇಳಲ್ಲ. ದೇವರೇನು ಮಾಡ್ತಾನೋ ನಾ ಕಾಣೆ."

ಪೇದೆ ಹುಟ್ಟನ್ನು ನೋಡಿದ, ಆಕಾಶ ನೋಡಿದ. ಹುಟ್ಟನ್ನು ಮುಟ್ಟಲಿಲ್ಲ. ಹೊಳೆ ಆ ತಿರುವಿನಲ್ಲಿ ಪಡುವಣಕ್ಕೆ ತಳ್ಳುತ್ತದೆಂದು ಗೊತ್ತಿದ್ದದ್ದು ಅವಳಿಗೊಬ್ಬಳಿಗೇ. ನೀರು ತನ್ನ ಪಾಡಿಗೆ ಸಬ್ಬತ್ ಮುರಿದು ಮೂವರನ್ನೂ ರೋಡ್ ಐಲೆಂಡಿನ ಕೆಸರಿಗೆ ಸೇರಿಸಿತು.

ದಡದಲ್ಲಿ ಸಬ್ಬತ್ ಶನಿವಾರವೆನ್ನುವ ಚಮ್ಮಾರನಿಗೂ ಎಲ್ಲ ದಿನವೂ ಸಬ್ಬತ್ತೇ ಎನ್ನುವ ಗಿರಣಿಯವನಿಗೂ ಜಗಳ ನಡೆದಿತ್ತು. ಪೇದೆಯನ್ನು ಕಂಡು ಇಬ್ಬರೂ ಒಟ್ಟಿಗೆ ಕೇಳಿದರು: "ನಿಮ್ದು ಯಾವ ಪಂಥ?"

"ನಂದು ಕಾನೂನು!"

"ಹೊಸಾದು. ಬನ್ನಿ, ಅದಕ್ಕೂ ಜಾಗ ಇದೆ," ಎಂದ ಗಿರಣಿಯವನು.

ಪೇದೆಯ ಕಾನೂನು ಹೊಳೆಯ ಆಚೆಗೇ ನಿಂತಿತ್ತು. ಭಾನುವಾರ ಸೂರ್ಯ ಮುಳುಗುವ ತನಕ ವಾಪಸು ಹೋಗುವಂತೆಯೂ ಇಲ್ಲ. ಒಬಡಯ ಆ ಪಾಷಂಡಿಗಳ ಒಲೆಯ ಮುಂದೆ ಕೂತು ಬಿಸಿ ಹಾವುಮೀನಿನ ಸಾರು ಕುಡಿದ. ಸಬ್ಬತ್ತಿನಲ್ಲಿ ಬೇಯಿಸುವುದು ಪಾಪ, ಕುಡಿಯುವುದಲ್ಲ ಎಂದು ಅವನೇ ತೀರ್ಪು ಕೊಟ್ಟುಕೊಂಡ.

ಸೋಮವಾರ ಮೂಡಣದವರು ಮೆಹಿಟಬಲಳಿಗೆ ತಮ್ಮ ದಡ ಮುಚ್ಚಿದರು. ಮನೆ ಹೋಯಿತು. ಗಂಡನ ಸಮಾಧಿ ಆಚೆಯೇ ಉಳಿಯಿತು. ಹಸುವನ್ನು ಮಾತ್ರ ಯಾರೋ ಈಜಿಸಿ ಈಚೆ ದಾಟಿಸಿದ್ದರು. ಹಗ್ಗದ ಗಂಟು ಪೇದೆ ಕೈದಿಗಳಿಗೆ ಹಾಕುವ ಗಂಟಿನ ಹಾಗೇ ಇತ್ತು.

"ಅಕ್ಕಾ, ನನ್ನಿಂದ ನಿನ್ನ ಮನೆ ಹೋಯ್ತು," ಎಂದ ಕ್ವೇಕರ.

"ಹೋಗ್ಲಿ ಬಿಡು. ಕಿವಿ ಇದ್ಯಲ್ಲ, ಇನ್ಮೇಲಾದ್ರೂ ಹೇಳಿದ್ದು ಕೇಳು."

ಆ ಗುಂಡಿ ವ್ಯಾಪಾರಿ ನಾನೇ. ನನ್ನ ಎರಡೂ ಕಿವಿ ಮೆಹಿಟಬಲ್ ಪೆಕ್‌ಳ ಋಣ.