ಸಮುದ್ರಕ್ಕೆ ಹೋದ ಶನಿವಾರ

ಚಳ್ಳಕೆರೆಯವನಾದ ನಾನು ಪಕ್ಕದ ತಾಲ್ಲೂಕಿನ ದೇವಸಮುದ್ರದವನೊಬ್ಬನನ್ನು ಮೊದಲ ಸಲ ನೋಡಿದ್ದು ಜರ್ಮನಿಯಲ್ಲಿ. ಎರಡು ಸಾವಿರದ ಮೂರರ ಸುಮಾರಿಗೆ ಇಬ್ಬರೂ ವಿದ್ಯಾರ್ಥಿವೇತನದ ಮೇಲೆ ಒಂದೇ ವಿಶ್ವವಿದ್ಯಾಲಯ ಸೇರಿದ್ದೆವು. ಹಾಸ್ಟೆಲಿನ ಮೊಗಸಾಲೆಯಲ್ಲಿ ನಾನು ಅಮ್ಮಿಯ ಜೊತೆ ಫೋನಿನಲ್ಲಿ ಉರ್ದು ಮಾತಾಡುತ್ತಾ ನಡುವೆ ‘ಶೇಂಗಾ’ ಅಂದದ್ದು ಅವನ ಕಿವಿಗೆ ಬಿತ್ತು. ಫೋನ್ ಇಡುವವರೆಗೂ ಗೋಡೆಗೊರಗಿ ಕಾದು, “ಯಾವೂರ್ಲೇ ನಿಂದು?” ಅಂದ. ಅಂದಿನಿಂದ ಅವನಿಗೆ ನಾನು ‘ಚಳ್ಳಕೆರೆ’, ನನಗೆ ಅವನು ‘ದೇವಸಮುದ್ರ’.

ಅವನದು ಕುರಿ ಸಾಕುವ ಮನೆ. ಅಪ್ಪ ಇಲ್ಲ. ಅವ್ವ ಮತ್ತು ಅಕ್ಕ ಕೂಲಿ ಮಾಡಿ ಓದಿಸಿದ್ದರು. ಅಕ್ಕನನ್ನು ನಮ್ಮ ಚಳ್ಳಕೆರೆಯ ಹತ್ತಿರ, ಉಳ್ಳಾರ್ತಿ ಕಾವಲಿನ ಹುಲ್ಲುಗಾವಲ ಪಕ್ಕದ ಹಳ್ಳಿಗೆ ಕೊಟ್ಟಿದ್ದರು. ಅವಳ ಗಂಡ ತನ್ನ ಟ್ರ್ಯಾಕ್ಟರ್ ರಿಪೇರಿಗೆ ಬರುತ್ತಿದ್ದದ್ದು ನನ್ನ ಅಬ್ಬಾನ ಗ್ಯಾರೇಜಿಗೇ ಎಂದು ಗೊತ್ತಾದ ದಿನ ಇಬ್ಬರೂ ಹುಚ್ಚರ ಹಾಗೆ ನಕ್ಕಿದ್ದೆವು.

ಅಲ್ಲಿ ಆಗ ವಾರದ ಕೊನೆಗೆ ಒಂದು ಟಿಕೆಟ್ ಸಿಗುತ್ತಿತ್ತು. ಒಂದೇ ಟಿಕೆಟಿನಲ್ಲಿ ಐದು ಜನ ಹೋಗಬಹುದು, ಆದರೆ ಎಲ್ಲ ಊರಿನಲ್ಲೂ ನಿಲ್ಲುವ ನಿಧಾನದ ರೈಲುಗಳಲ್ಲಿ ಮಾತ್ರ. ನಾವಿಬ್ಬರು, ನಮ್ಮ ತರಗತಿಯ ಬೇರೆ ದೇಶಗಳ ಮೂವರು. ಕೋಟೆ, ಕೆರೆ, ಕಾಡು ಅಂತ ಪ್ರತಿ ಶನಿವಾರ ಹೊರಡುತ್ತಿದ್ದೆವು. ಅವನ ಅವ್ವ ಕಳಿಸಿದ ಶೇಂಗಾ ಪುಡಿಯನ್ನು ಅಲ್ಲಿನ ಕಪ್ಪು ಬ್ರೆಡ್ಡಿಗೆ ಉದುರಿಸಿ ತಿನ್ನುವುದನ್ನು ಆ ಮೂವರೂ ಕಲಿತಿದ್ದರು.

ಅವನು ಮಾತ್ರ ಒಂದೇ ಹಟ ಹಿಡಿದಿದ್ದ. “ನಮ್ಮೂರ ಹೆಸರಲ್ಲೇ ಸಮುದ್ರ ಐತೆ. ನಾನೇ ಸಮುದ್ರ ನೋಡಿಲ್ಲ. ಕರ್ಕೊಂಡೋಗ್ರೋ.” ಸಮುದ್ರ ದೂರ, ಐದು ರೈಲು ಬದಲಿಸಬೇಕು. ಕೊನೆಗೆ ಜೂನ್ ತಿಂಗಳಿನ ಒಂದು ಶನಿವಾರ ನಿಗದಿಯಾಯಿತು.

ಹಿಂದಿನ ದಿನ, ಶುಕ್ರವಾರ ಸಂಜೆ, ಅಬ್ಬಾನ ಫೋನು ಬಂತು. ದೇವಸಮುದ್ರದವನ ಅವ್ವ ಮಗಳ ಮನೆಗೆ ಬಂದಿದ್ದವರು ಎದೆನೋವೆಂದು ಕುಸಿದಿದ್ದರು. ಅಳಿಯ ಚಳ್ಳಕೆರೆಯ ಆಸ್ಪತ್ರೆಗೆ ಸೇರಿಸಿ ಅಬ್ಬಾನಿಗೆ ತಿಳಿಸಿದ್ದ. ಮಾತಾಡುತ್ತಿದ್ದಾರೆ, ಮಗನನ್ನೇ ಕೇಳುತ್ತಿದ್ದಾರೆ. “ನನ್ನ ಮೊಬೈಲನ್ನು ಅವರ ತಲೆದಿಂಬಿನ ಪಕ್ಕ ಇಟ್ಟು ಬಂದಿದ್ದೇನೆ, ಬೆಳಿಗ್ಗೆಯೇ ಅದಕ್ಕೆ ಫೋನ್ ಮಾಡಲು ಅವನಿಗೆ ಹೇಳು” ಅಂದರು ಅಬ್ಬಾ.

ಹೇಳಬೇಕೆಂದೇ ಅವನ ಕೋಣೆಗೆ ಹೋದೆ. ಅವನು ಚಿತ್ರಾನ್ನವನ್ನು ಡಬ್ಬಿಗೆ ಒತ್ತಿ ತುಂಬುತ್ತಿದ್ದ. ಮಾರನೆಯ ದಿನಕ್ಕೆಂದು ಕ್ಷೌರ ಬೇರೆ ಮಾಡಿಸಿಕೊಂಡು ಬಂದಿದ್ದ.

“ಯಾರ್ಲೇ ಫೋನು?”

“ಅಬ್ಬಾ. ಸುಮ್ನೆ ಮಾಡಿದ್ರು.”

ಬಾಯಿಂದ ಅದೇ ಬಂತು. ಹೇಗೂ ಈ ಎರಡು ದಿನದಲ್ಲಿ ಅವನು ಊರು ಮುಟ್ಟಲಾರ, ಸಮುದ್ರ ನೋಡಿಕೊಳ್ಳಲಿ, ಭಾನುವಾರ ಹೇಳಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ನನಗೂ ಹೋಗಬೇಕಿತ್ತು. ಅಷ್ಟು ದಿನ ಕಾದ ಪ್ರವಾಸ ಮುರಿಯುವುದು ನನಗೆ ಬೇಡವಾಗಿತ್ತು.

ಶನಿವಾರ ಮಧ್ಯಾಹ್ನ ದಾಟಿದ ಮೇಲೆ ಸಮುದ್ರ ಮುಟ್ಟಿದೆವು. ಅವನು ಪ್ಯಾಂಟನ್ನು ಮೊಣಕಾಲಿಗೆ ಮಡಚಿ ಓಡಿದ. ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಉಗುಳಿ, “ಲೇ ಚಳ್ಳಕೆರೆ, ನಿಜವಾಗ್ಲೂ ಉಪ್ಪು ಐತೆ ಕಣೋ!” ಎಂದು ಕೂಗಿದ. ಖಾಲಿ ಬಾಟಲಿಯೊಂದಕ್ಕೆ ನೀರು ತುಂಬಿಕೊಂಡ. “ಅವ್ವಂಗೆ ತೋರಿಸ್ಬೇಕು. ಇಲ್ಲಾಂದ್ರೆ ಆಕೆ ನಂಬಂಗಿಲ್ಲ.”

ದಡದ ಮೇಲೆ ಒಂದು ಫೋನ್ ಬೂತ್ ಇತ್ತು. ಅದರ ಬಾಗಿಲವರೆಗೆ ಹೋಗಿ ನಿಂತೆ. ಅಬ್ಬಾನ ನಂಬರು ಬಾಯಿಪಾಠವಾಗಿತ್ತು. ತಿರುಗಿ ನೋಡಿದರೆ ಅವನು ನಗುತ್ತಾ ನನಗೆ ಕೈಬೀಸುತ್ತಿದ್ದ. ನಾನೂ ಕೈಬೀಸಿದೆ.

ಭಾನುವಾರ ಹಿಂತಿರುಗುವಾಗ, ಕೊನೆಯ ರೈಲಿನಲ್ಲಿ ಹೇಳಿದೆ. ಅವನು ಸ್ಟೇಷನ್ನಿನಲ್ಲಿ ಇಳಿದವನೇ ಫೋನಿಗೆ ಓಡಿದ. ಅಬ್ಬಾನ ಮೊಬೈಲು ಎತ್ತಿಕೊಂಡದ್ದು ಅಕ್ಕ. ಪಕ್ಕದಲ್ಲಿದ್ದ ನನಗೂ ಅವಳ ಅಳು ಕೇಳಿಸುತ್ತಿತ್ತು. ಅವ್ವ ಶನಿವಾರ ಸಂಜೆ ಹೋಗಿಬಿಟ್ಟಿದ್ದಳು. ಅವತ್ತೇ ಬೆಳಿಗ್ಗೆ ಎದ್ದು ಕೂತು ಗಂಜಿ ಕುಡಿದಿದ್ದಳು. ಮೊಬೈಲು ಕೈಯಲ್ಲಿ ಹಿಡಿದುಕೊಂಡು, “ಯಾವುದು ಒತ್ತಬೇಕು, ಹೇಳಿಕೊಡು” ಎಂದು ಮಗಳನ್ನು ಮತ್ತೆ ಮತ್ತೆ ಕೇಳಿದ್ದಳು. ಮಣ್ಣು ಮಾಡಿ ಆಗಲೇ ಮನೆಗೆ ಬಂದಿದ್ದರು.

ಅವನು ಊರಿಗೆ ಹೋಗಿ ತಿಂಗಳು ಕಳೆದು ಬಂದ. ಬೇರೆ ಹಾಸ್ಟೆಲಿಗೆ ಹೋಗಲು ಪೆಟ್ಟಿಗೆ ಕಟ್ಟುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತು, ತಪ್ಪಾಯಿತು ಅಂದೆ. ಅವನು ತಲೆ ಎತ್ತಲಿಲ್ಲ.

“ನೀರಲ್ಲಿ ನಿಂತು ನಾನು ನಗ್ತಿದ್ದೆ. ನೀನು ನನ್ನ ಮುಖ ನೋಡ್ತಿದ್ದೆ. ಗೊತ್ತಿದ್ದೂ ನೋಡ್ತಿದ್ದೆ ಅಲ್ವೇನ್ಲೇ?”

ಅವನು ನನ್ನೊಡನೆ ಆಡಿದ ಕೊನೆಯ ಮಾತು ಅದು. ಇನ್ನೂ ಒಂದು ವರ್ಷ ಒಂದೇ ತರಗತಿಯಲ್ಲಿ ಕೂತೆವು. ಉಳಿದ ಮೂವರು ಕಾರಣ ಕೇಳಿ ಕೇಳಿ ಸುಮ್ಮನಾದರು. ಆಮೇಲೆ ಯಾರೂ ಎಲ್ಲಿಗೂ ಹೊರಡಲಿಲ್ಲ.

ಓದು ಮುಗಿಸಿ ಬಂದು ನಾನು ದಾವಣಗೆರೆಯಲ್ಲಿ ಪಾಠ ಹೇಳತೊಡಗಿದೆ. ಅವನು ಹೈದರಾಬಾದಿನಲ್ಲಿದ್ದಾನೆಂದು ಕೇಳಿದ್ದೆ. ಅವನ ಅವ್ವ ತೀರಿಕೊಂಡು ಐದು ವರ್ಷವಾದರೂ ಎದೆಯ ಭಾರ ಇಳಿಯಲಿಲ್ಲ. ಒಂದು ರಜೆಯಲ್ಲಿ ಬಸ್ಸು ಹತ್ತಿ ಅವನ ಅಕ್ಕನ ಹಳ್ಳಿಗೆ ಹೋದೆ. ಆಕೆ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಗ್ಯಾರೇಜ್ ಸಾಹೇಬರ ಮಗ ಅಂದ ಕೂಡಲೇ ಎದ್ದು ಮಜ್ಜಿಗೆ ತಂದುಕೊಟ್ಟಳು.

“ನಿಮ್ಮ ಅಪ್ಪಾರು ದೇವರಂಥೋರು ತಮ್ಮಾ. ಫೋನ್ ಬಿಟ್ಟು ಹೋದ್ರು, ಹೇಳಿ ಕಳಿಸಿದ್ರು. ನಮ್ಮೋನೇ ಮಾಡ್ಲಿಲ್ಲ.”

“ಯಾಕೆ ಮಾಡ್ಲಿಲ್ಲ ಅಂತ ಹೇಳಿದಾನ್ರಿ?”

“ಸುದ್ದಿ ಶುಕ್ರವಾರನೇ ಬಂತಂತೆ. ಯಾವ್ದೋ ಊರು ನೋಡಾಕೆ ಹೋಗೋದಿತ್ತಂತೆ, ಆಮೇಲೆ ಮಾಡಿದ್ರಾತು ಅಂದ್ಕೊಂಡನಂತೆ. ನನ್ನ ಮುಂದೇನೇ ಹೇಳ್ದ. ಅವತ್ತಿಂದ ಅವನ ಜೊತೆ ನಂಗೆ ಮಾತಿಲ್ಲ. ಮದುವೆಗೂ ಹೋಗಲಿಲ್ಲ ನಾನು.”

ಮಜ್ಜಿಗೆಯ ಲೋಟ ಕೆಳಗಿಟ್ಟೆ. ನನ್ನ ತಪ್ಪನ್ನು ಅವನು ಅಕ್ಷರ ಬಿಡದೆ ತನ್ನ ಮೇಲೆ ಹಾಕಿಕೊಂಡಿದ್ದ. ನನಗಾಗಿಯೋ, ಊರಲ್ಲಿರುವ ಅಬ್ಬಾನ ಮರ್ಯಾದೆಗಾಗಿಯೋ, ಗೊತ್ತಿಲ್ಲ. ಎಲ್ಲವನ್ನೂ ಆಕೆಗೆ ಹೇಳಿದೆ. ಫೋನು, ಚಿತ್ರಾನ್ನದ ಡಬ್ಬಿ, ನಾನು ಆಡಿದ ಸುಳ್ಳು, ದಡದ ಮೇಲಿನ ಬೂತು.

ಆಕೆ ಬಯ್ಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಐದು ವರ್ಷ ಆತು,” ಅಂದಳು. “ಹಬ್ಬಕ್ಕೆ ಬಂದೋನ್ನ ಹೊಸ್ತಿಲು ದಾಟಿಸ್ಲಿಲ್ಲ ನಾನು. ಬೀದ್ಯಾಗೆ ನಿಂತು ಹೋದ.”

ನಾನು ಎದ್ದೆ. ಬಸ್ಸಿನ ತನಕ ಆಕೆಯೂ ನಡೆದು ಬಂದಳು. ಬಸ್ಸು ಕಂಡಾಗ, “ನೀನು ಹೇಳಿದ್ದು ಚಲೋ ಆತಪ್ಪ,” ಅಂದಳು. “ಆದ್ರೆ ಇನ್ನೊಂದು ಸಲ ಬರಬ್ಯಾಡ. ನಿನ್ನ ಮುಖ ನೋಡಾಕೆ ಆಗಂಗಿಲ್ಲ ನಂಗೆ.”

ಆ ವರ್ಷದ ದೀಪಾವಳಿಗೆ ಅವನು ಹೆಂಡತಿಯನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದು ನಾಲ್ಕು ದಿನ ಇದ್ದ. ಟ್ರ್ಯಾಕ್ಟರ್ ಬಿಡಲು ಬಂದ ಅವನ ಭಾವ ಮೊದಲ ದಿನವೇ ಗ್ಯಾರೇಜಿನಲ್ಲಿ ಅಬ್ಬಾನಿಗೆ ಹೇಳಿದ್ದ. ಆಗ ನಾನೂ ಚಳ್ಳಕೆರೆಯಲ್ಲೇ ಇದ್ದೆ. ನಾಲ್ಕು ದಿನವೂ ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ಬಂದರೂ ಬಂದಾನು ಎಂದು ಕಾದೆ. ಅವನು ಬರಲಿಲ್ಲ.